ಗೆದ್ದ ನಗರವನ್ನು ಅರಗಿಸಿಕೊಳ್ಳುವ ಬಗೆ: ಸಿವಿಲೈಸೇಷನ್ 5ರಲ್ಲಿ ಪಪೆಟ್, ಅನೆಕ್ಸ್, ರೇಜ್

ಸರದಿಯ ಮೇಲೆ (ಟರ್ನ್) ಆಡಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಸಿವಿಲೈಸೇಷನ್ 5ರಲ್ಲಿ ಶತ್ರು ನಗರದ ಬಲವೆಲ್ಲ ಇಳಿದು, ನಿಮ್ಮ ಕತ್ತಿಯ ಪಡೆ ಒಳಗೆ ಕಾಲಿಟ್ಟ ಕೂಡಲೇ ತೆರೆಯ ಮೇಲೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅನೆಕ್ಸ್ ಮಾಡಿ ಪೂರ್ತಿ ನಿಮ್ಮ ಆಡಳಿತಕ್ಕೆ ಸೇರಿಸಿಕೊಳ್ಳುತ್ತೀರಾ, ಪಪೆಟ್ ಆಗಿ, ಅಂದರೆ ತಾನೇ ನಡೆಯುವ ಅಧೀನ ನಗರವಾಗಿ ಇಟ್ಟುಕೊಳ್ಳುತ್ತೀರಾ, ರೇಜ್ ಮಾಡಿ ಸುಟ್ಟು ಹಾಕುತ್ತೀರಾ? ಗೆದ್ದ ಉತ್ಸಾಹದಲ್ಲಿ ಬಹಳ ಮಂದಿ ಅನೆಕ್ಸ್ ಒತ್ತಿಬಿಡುತ್ತಾರೆ. ಐದಾರು ಟರ್ನ್ ಕಳೆಯುವಷ್ಟರಲ್ಲಿ ಇಡೀ ಸಾಮ್ರಾಜ್ಯದ ಬೆಳವಣಿಗೆ ಕುಂಟತೊಡಗುತ್ತದೆ, ಯುದ್ಧ ಅರ್ಧಕ್ಕೇ ನಿಲ್ಲುತ್ತದೆ. ಸೈನ್ಯದಲ್ಲಿ ಕೊರತೆ ಏನೂ ಇರುವುದಿಲ್ಲ. ಒಳಗೆ ತಂದುಕೊಂಡ ನಗರವನ್ನು ಅರಗಿಸಿಕೊಳ್ಳುವ ಶಕ್ತಿ ಸಾಮ್ರಾಜ್ಯಕ್ಕೆ ಇರುವುದಿಲ್ಲ, ಅಷ್ಟೆ. ಆದ್ದರಿಂದ ಈ ಮೂರು ಗುಂಡಿಗಳ ನಿರ್ಧಾರ ಆಗಬೇಕಾದದ್ದು ಯುದ್ಧ ಸಾರುವ ಮೊದಲು. ಆ ಪೆಟ್ಟಿಗೆ ತೆರೆದ ಮೇಲೆ ಯೋಚಿಸಿದರೆ ತಡವಾಗಿರುತ್ತದೆ.

ಇಲ್ಲಿರುವ ಅಂಕಿಗಳೆಲ್ಲ 2013ರ ಬ್ರೇವ್ ನ್ಯೂ ವರ್ಲ್ಡ್ ವಿಸ್ತರಣೆ ಸೇರಿದ ಆಟಕ್ಕೆ, ಸ್ಟ್ಯಾಂಡರ್ಡ್ ಗಾತ್ರದ ನಕ್ಷೆಗೆ, ಸ್ಟ್ಯಾಂಡರ್ಡ್ ವೇಗಕ್ಕೆ ಸಂಬಂಧಿಸಿದವು. ದೊಡ್ಡ ನಕ್ಷೆಗಳಲ್ಲಿ ಪ್ರತಿ ನಗರದ ದಂಡ ಸ್ವಲ್ಪ ಹಗುರ. ಸುಲಭದ ಹಂತಗಳಲ್ಲಿ ಅತೃಪ್ತಿಯೂ ಕಡಿಮೆ ಬರುತ್ತದೆ.

ನಗರ ಕೈಗೆ ಬಂದ ಆ ಟರ್ನ್‌ನಲ್ಲಿ

ನಗರ ಬಿದ್ದ ಕ್ಷಣದಲ್ಲಿ ಅದರ ಜನಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. 12 ಇದ್ದದ್ದು 6 ಆಗುತ್ತದೆ. ಉಳಿದ ಜನಸಂಖ್ಯೆ ಎಷ್ಟೋ ಅಷ್ಟು ಟರ್ನ್ ಆ ನಗರ ಪ್ರತಿರೋಧದಲ್ಲಿರುತ್ತದೆ, ಅಂದರೆ 6 ಉಳಿದಿದ್ದರೆ 6 ಟರ್ನ್. ಅಷ್ಟು ದಿನ ಅಲ್ಲಿಂದ ಉತ್ಪಾದನೆ, ವಿಜ್ಞಾನ, ಸಂಸ್ಕೃತಿ, ಚಿನ್ನ ಯಾವುದೂ ಬರುವುದಿಲ್ಲ. ಒಳಗೆ ಸೈನ್ಯ ನಿಲ್ಲಿಸಿದರೆ ಪ್ರತಿರೋಧ ಬೇಗ ಮುಗಿಯುತ್ತದೆ ಎಂದು ನಂಬಿದವರಿದ್ದಾರೆ. ಈ ಆಟದಲ್ಲಿ ಹಾಗಾಗುವುದಿಲ್ಲ. ಸೈನ್ಯ ನಗರವನ್ನು ಕಾಯುತ್ತದೆ, ದಿನಗಳನ್ನು ಕಡಿಮೆ ಮಾಡುವುದಿಲ್ಲ.

ದಿನಗಳನ್ನು ಕಡಿಮೆ ಮಾಡುವುದು ಪ್ರವಾಸೋದ್ಯಮ. ಆ ದೇಶದ ಮೇಲೆ ನಿಮ್ಮ ಸಾಂಸ್ಕೃತಿಕ ಪ್ರಭಾವ ಫೆಮಿಲಿಯರ್ ಮಟ್ಟ ಮುಟ್ಟಿದ್ದರೆ ಪ್ರತಿರೋಧದ ಅವಧಿ ಮತ್ತು ಜನನಷ್ಟ ಎರಡೂ 25% ಕಡಿಮೆ. ಪಾಪ್ಯುಲರ್ ಆದರೆ 50%, ಇನ್‌ಫ್ಲುಯೆನ್ಶಿಯಲ್ ಆದರೆ 75%. ಡಾಮಿನೆಂಟ್ ಮಟ್ಟ ತಲುಪಿದ್ದರೆ ನಷ್ಟವೂ ಇಲ್ಲ, ಪ್ರತಿರೋಧವೂ ಇಲ್ಲ. ಆಟದ ಕೊನೆಯ ಮೂರನೇ ಒಂದು ಭಾಗದಲ್ಲಿ ಯುದ್ಧಕ್ಕೆ ಇಳಿಯುವವರು ಈ ಪಟ್ಟಿಯನ್ನು ಒಮ್ಮೆ ನೋಡಿಕೊಂಡರೆ ಯಾವ ನೆರೆಯವನನ್ನು ಮೊದಲು ಹಿಡಿಯಬೇಕು ಎಂಬುದೇ ಬದಲಾಗಬಹುದು.

ಕಟ್ಟಡಗಳ ವಿಷಯ ಹೀಗೆ: ಜಗತ್ತಿನ ಅದ್ಭುತಗಳು ಹಾಗೇ ಉಳಿಯುತ್ತವೆ. ರಾಷ್ಟ್ರೀಯ ಅದ್ಭುತಗಳು ಅಳಿಯುತ್ತವೆ. ಗೋಡೆ, ಬ್ಯಾರಕ್ಸ್ ತರಹದವು ಹೋಗುತ್ತವೆ. ಉಳಿದವುಗಳಲ್ಲಿ ಕೆಲವು ಉಳಿದು ಕೆಲವು ನಾಶವಾಗುವುದು ಅದೃಷ್ಟದ ಮಾತು. ಹಾಗಾಗಿ ಗೆದ್ದ ಊರಲ್ಲಿ ಲೈಬ್ರರಿ ಇದ್ದೇ ಇರುತ್ತದೆ ಎಂದು ಎಣಿಸಿ ಯೋಜನೆ ಹಾಕಬೇಡಿ.

ಒಂದೇ ನಗರ ಎರಡು ಮೂರು ಸಲ ಕೈ ಬದಲಾಯಿಸಿದರೆ ಜನಸಂಖ್ಯೆ ಮತ್ತೆ ಮತ್ತೆ ಕತ್ತರಿಸಿ ಹೋಗುತ್ತದೆ. 16ರ ಊರು ಕೊನೆಗೆ 2ರ ಊರಾಗಿ ಸಿಗುತ್ತದೆ. ಸುತ್ತ ಶತ್ರುವಿನ ಮೂರು ನಾಲ್ಕು ಪಡೆ ಇನ್ನೂ ಜೀವಂತವಾಗಿದ್ದರೆ ಒಳಗೆ ನುಗ್ಗಬೇಡಿ. ನಗರವನ್ನು ಕೊನೆಯ ಉಸಿರಿಗೆ ತಂದು ನಿಲ್ಲಿಸಿ, ಅದು ಚೇತರಿಸಿಕೊಳ್ಳದಂತೆ ಪ್ರತಿ ಟರ್ನ್ ಒಂದೆರಡು ಬಾಣ ಬಿಡುತ್ತಾ, ಉಳಿದ ಬಲದಿಂದ ಹೊರಗಿನ ಪಡೆಗಳನ್ನು ಮುಗಿಸಿ. ಆಮೇಲೆ ಒಳಗೆ ಹೋಗಿ. ಗೆದ್ದ ನಗರದ ಜನಸಂಖ್ಯೆ ಅರ್ಧವಾಗಿರುತ್ತದೆ, ಗೋಡೆ ಇರುವುದಿಲ್ಲ, ಗಾಯವೂ ಮಾಸಿರುವುದಿಲ್ಲ. ಮೊದಲ ಎರಡು ಟರ್ನ್ ಅದನ್ನು ಕಾಯುವುದು ನಿಮ್ಮ ಪಡೆಗಳೇ. ಒಳಗೆ ಹೋಗುವ ಪಡೆ ಇದ್ದುದರಲ್ಲಿ ಗಟ್ಟಿಯಾದದ್ದಾಗಿರಲಿ. ಕೊನೆಯ ಏಟು ಕೊಡಲು ಹತ್ತಿರ ಇದೆ ಎಂಬ ಕಾರಣಕ್ಕೆ ಅರ್ಧ ಸತ್ತ ಪಡೆಯನ್ನು ಕಳಿಸಿದರೆ ಮರು ಟರ್ನ್‌ನಲ್ಲೇ ಪಡೆ, ಊರು ಎರಡೂ ಹೋಗುತ್ತವೆ.

ಹ್ಯಾಪಿನೆಸ್ ಲೆಕ್ಕ

ಇಡೀ ವಿಷಯದ ತಿರುಳು ಇಲ್ಲಿದೆ. ಹ್ಯಾಪಿನೆಸ್ ಎಂದರೆ ಇಡೀ ಸಾಮ್ರಾಜ್ಯದ ತೃಪ್ತಿಯ ಅಂಕಿ, ಅತೃಪ್ತಿ ಅದರಿಂದ ಕಳೆಯುತ್ತದೆ. ಸಾಧಾರಣ ನಗರ ಒಂದಕ್ಕೆ 3 ಅತೃಪ್ತಿ, ಜೊತೆಗೆ ಪ್ರತಿ ಪ್ರಜೆಗೆ 1. ಪಪೆಟ್ ನಗರಕ್ಕೂ ಇದೇ ಲೆಕ್ಕ. ಆದರೆ ಅನೆಕ್ಸ್ ಮಾಡಿಕೊಂಡು ಇನ್ನೂ ಕೋರ್ಟ್‌ಹೌಸ್ ಕಟ್ಟದ ನಗರಕ್ಕೆ 5, ಜೊತೆಗೆ ಪ್ರತಿ ಪ್ರಜೆಗೆ 1.34. ಕೋರ್ಟ್‌ಹೌಸ್ ಎದ್ದ ಮೇಲೆ ಅದು ಮತ್ತೆ ಸಾಧಾರಣ ನಗರದ ಲೆಕ್ಕಕ್ಕೆ ಇಳಿಯುತ್ತದೆ.

6 ಜನರ ನಗರವನ್ನು ತೆಗೆದುಕೊಳ್ಳಿ. ಪಪೆಟ್ ಆದರೆ 3 ಮತ್ತು 6, ಒಟ್ಟು 9. ಅನೆಕ್ಸ್ ಆದರೆ 5 ಮತ್ತು ಸುಮಾರು 8, ಒಟ್ಟು 13. ನಾಲ್ಕು ಅಂಕಿಯ ವ್ಯತ್ಯಾಸ ಎಂದರೆ ಒಂದು ಇಡೀ ಐಷಾರಾಮಿ ಸಂಪನ್ಮೂಲದ ಬೆಲೆ, ಏಕೆಂದರೆ ಹೊಸ ಬಗೆಯ ಒಂದು ಲಕ್ಷುರಿ ಕೊಡುವುದು 4 ಹ್ಯಾಪಿನೆಸ್. ಊರು ದೊಡ್ಡದಾದಷ್ಟೂ ಈ ಅಂತರ ಹಿಗ್ಗುತ್ತದೆ.

ಈಗ ಯುದ್ಧಕ್ಕೆ ಹೊರಡುವವರ ಲೆಕ್ಕ ಮಾಡೋಣ. ಕೈಯಲ್ಲಿ +12 ಹ್ಯಾಪಿನೆಸ್ ಇದೆ. ಎದುರಾಳಿಯ ಮೂರು ನಗರಗಳು 14, 8, 6ರವು. ಬಿದ್ದ ಮೇಲೆ ಅವು 7, 4, 3 ಆಗುತ್ತವೆ. ಮೂರನ್ನೂ ಪಪೆಟ್ ಮಾಡಿದರೆ ಅತೃಪ್ತಿ 10, 7, 6, ಕೂಡಿದರೆ 23. ನಿಮ್ಮ +12 ನೇರ −11ಕ್ಕೆ ಕುಸಿಯುತ್ತದೆ. ಸೊನ್ನೆಗಿಂತ ಕೆಳಗೆ ಹೋದರೆ ಎಲ್ಲ ನಗರಗಳ ಬೆಳವಣಿಗೆ ಕಾಲು ಭಾಗಕ್ಕೆ ಇಳಿಯುತ್ತದೆ, ಪಡೆಗಳ ಹೋರಾಟದ ಬಲವೂ ಕುಗ್ಗುತ್ತದೆ. −10 ದಾಟಿದರೆ ಬೆಳವಣಿಗೆ ಪೂರ್ತಿ ನಿಂತು, ನಿಮ್ಮ ನೆಲದಲ್ಲೇ ಬಂಡುಕೋರರ ಪಡೆಗಳು ಹುಟ್ಟಿಕೊಳ್ಳುತ್ತವೆ. ಸೈನ್ಯವೆಲ್ಲ ಗಡಿಯಾಚೆ ಇರುವಾಗ ರಾಜಧಾನಿಯ ಪಕ್ಕದಲ್ಲಿ ಬಂಡುಕೋರರು ಎದ್ದರೆ ಎದುರಿಸಲು ಯಾರಿದ್ದಾರೆ? ಐಡಿಯಾಲಜಿಗಳ (ರಾಜಕೀಯ ಸಿದ್ಧಾಂತಗಳ) ಕಾಲ ಬಂದ ಮೇಲೆ −20 ದಾಟಿದರೆ ನಗರಗಳೇ ನಿಮ್ಮನ್ನು ಬಿಟ್ಟು ಬೇರೆಯವರ ಕಡೆ ಹೋಗಬಹುದು.

ಅದೇ ಮೂರು ನಗರಗಳ ನೆಲದಲ್ಲಿ ನಿಮ್ಮಲ್ಲಿ ಇಲ್ಲದ ಎರಡು ಲಕ್ಷುರಿ ಇದ್ದರೆ +8 ಬರುತ್ತದೆ, −11 ಎಂಬುದು −3 ಆಗುತ್ತದೆ. ಮೂರನೆಯ ಸಣ್ಣ ಊರನ್ನು ಸುಟ್ಟುಬಿಟ್ಟರೆ ಲೆಕ್ಕ +3ಕ್ಕೆ ಬಂದು ನಿಲ್ಲುತ್ತದೆ. ಯುದ್ಧದ ಯೋಜನೆ ಎಂದರೆ ಈ ಕೂಡು-ಕಳೆಯೇ. ಯಾವ ನಗರದ ಸುತ್ತ ಯಾವ ಲಕ್ಷುರಿ ಇದೆ ಎಂದು ನಕ್ಷೆ ನೋಡಿ ಬರೆದಿಟ್ಟುಕೊಳ್ಳಿ. ನಿಮ್ಮಲ್ಲಿ ಈಗಾಗಲೇ ಇರುವ ಲಕ್ಷುರಿಯ ಎರಡನೇ ಪ್ರತಿ ಹ್ಯಾಪಿನೆಸ್ ಕೊಡುವುದಿಲ್ಲ. ಅದು ವ್ಯಾಪಾರಕ್ಕೆ ಮಾತ್ರ.

ಇನ್ನೊಂದು ಬಲೆ ಇದೆ, ಎಷ್ಟೋ ಯುದ್ಧಗಳು ಇದರಲ್ಲೇ ಕೆಡುತ್ತವೆ. ಯಾರ ಮೇಲೆ ಯುದ್ಧ ಸಾರುತ್ತೀರೋ ಅವನಿಂದಲೇ ಲಕ್ಷುರಿ ಕೊಂಡಿದ್ದರೆ, ಯುದ್ಧ ಸಾರಿದ ಕ್ಷಣ ಆ ಒಪ್ಪಂದ ಮುರಿದು 4 ಹ್ಯಾಪಿನೆಸ್ ಮಾಯವಾಗುತ್ತದೆ. ವ್ಯಾಪಾರದ ಪರದೆ ತೆರೆದು ಸದ್ಯದ ಒಪ್ಪಂದಗಳನ್ನು ಮೊದಲು ನೋಡಿ. ಬೇರೆ ದೇಶಗಳ ಜೊತೆ ಲಕ್ಷುರಿಗೆ ಲಕ್ಷುರಿ ವಿನಿಮಯವನ್ನು ಯುದ್ಧಕ್ಕೆ ಮುಂಚೆಯೇ ಕುದುರಿಸಿಕೊಳ್ಳಿ. ಒಂದು ಒಪ್ಪಂದ 30 ಟರ್ನ್ ನಡೆಯುತ್ತದೆ, ಅಂದರೆ ಒಂದು ಯುದ್ಧ ಮುಗಿಸುವಷ್ಟು ಕಾಲ. ಎರಡು ನಗರ ಹಿಡಿದು ಯುದ್ಧಕೋರ ಎಂಬ ಹೆಸರು ಬಂದ ಮೇಲೆ ಅದೇ ವಿನಿಮಯಕ್ಕೆ ಯಾರೂ ನೇರವಾಗಿ ಒಪ್ಪುವುದಿಲ್ಲ.

ಮೊದಲು ಪಪೆಟ್, ಆಮೇಲೆ ಯೋಚನೆ

ಉಳಿಸಿಕೊಳ್ಳುವ ನಗರ ಯಾವುದೇ ಇರಲಿ, ಪೆಟ್ಟಿಗೆ ತೆರೆದಾಗ ಒತ್ತಬೇಕಾದದ್ದು ಪಪೆಟ್. ಅನೆಕ್ಸ್ ಮಾಡಲೇಬೇಕೆಂದು ನಿಶ್ಚಯಿಸಿದ ಊರಿಗೂ ಇದೇ ಮಾತು. ಕಾರಣ ಸರಳ: ಪ್ರತಿರೋಧ ಮುಗಿಯುವವರೆಗೆ ಆ ನಗರದಲ್ಲಿ ನೀವು ಏನನ್ನೂ ಕಟ್ಟಲಾರಿರಿ, ಕೋರ್ಟ್‌ಹೌಸನ್ನೂ ಕಟ್ಟಲಾರಿರಿ. ಮೊದಲ ದಿನವೇ ಅನೆಕ್ಸ್ ಮಾಡಿದರೆ ಆರು ಟರ್ನ್ 13ರ ಭಾರ ಹೊತ್ತು ಕೂರಬೇಕು, ಪ್ರತಿಯಾಗಿ ಸಿಗುವುದು ಏನೂ ಇಲ್ಲ. ಪಪೆಟ್ ಮಾಡಿದರೆ ಅದೇ ಆರು ಟರ್ನ್ 9ರ ಭಾರ. ಪ್ರತಿರೋಧ ಮುಗಿದ ಟರ್ನ್‌ನಲ್ಲಿ ನಗರದ ಹೆಸರಿನ ಪಟ್ಟಿ ಒತ್ತಿ ಅನೆಕ್ಸ್ ಆರಿಸಿ, ಅದೇ ಟರ್ನ್‌ನಲ್ಲಿ ಚಿನ್ನ ಕೊಟ್ಟು ಕೋರ್ಟ್‌ಹೌಸ್ ಕೊಳ್ಳಿ. ಪಪೆಟ್ ಅನ್ನು ಆಮೇಲೆ ಅನೆಕ್ಸ್ ಮಾಡಿದರೆ ಹೊಸದಾಗಿ ಪ್ರತಿರೋಧ ಶುರುವಾಗುವುದಿಲ್ಲ.

ಪಪೆಟ್ ಎಂದರೆ ಹೆಚ್ಚುಕಡಿಮೆ ಸಾಮಂತ ರಾಜ್ಯ. ಕಪ್ಪ ಬರುತ್ತದೆ, ಆಡಳಿತ ನಿಮ್ಮ ಕೈಯಲ್ಲಿಲ್ಲ. ಏನು ಕಟ್ಟಬೇಕೆಂದು ಆಟದ ಗವರ್ನರ್ ತಾನೇ ತೀರ್ಮಾನಿಸುತ್ತಾನೆ. ಅವನು ಪಡೆಗಳನ್ನು ತಯಾರಿಸುವುದಿಲ್ಲ, ಅದ್ಭುತಗಳನ್ನು ಕಟ್ಟುವುದಿಲ್ಲ, ಚಿನ್ನದ ಕಡೆಗೆ ಅವನಿಗೆ ಒಲವು ಹೆಚ್ಚು. ನೀವು ಅಲ್ಲಿ ಏನನ್ನೂ ಚಿನ್ನ ಕೊಟ್ಟು ಕೊಳ್ಳಲಾರಿರಿ. ವೆನಿಸ್ ಮಾತ್ರ ಇದಕ್ಕೆ ಹೊರತು: ಅದಕ್ಕೆ ಅನೆಕ್ಸ್ ಮಾಡುವ ಅವಕಾಶವೇ ಇಲ್ಲ, ಬದಲಿಗೆ ಪಪೆಟ್‌ಗಳಲ್ಲಿ ಕೊಳ್ಳಬಹುದು. ಪಪೆಟ್‌ನ ವಿಜ್ಞಾನ ಮತ್ತು ಸಂಸ್ಕೃತಿ 25% ಕಡಿತಗೊಂಡು ಬರುತ್ತದೆ. ಚಿನ್ನಕ್ಕೆ ಕಡಿತವಿಲ್ಲ.

ಇಷ್ಟು ಕೊರತೆ ಇದ್ದರೂ ಪಪೆಟ್ ಯಾಕೆ ಬೇಕು? ಸಾಮಾಜಿಕ ನೀತಿಗಳ ಬೆಲೆ ಅದರಿಂದ ಏರುವುದಿಲ್ಲ. ಅನೆಕ್ಸ್ ಆದ ಪ್ರತಿ ನಗರಕ್ಕೂ ಮುಂದಿನ ನೀತಿಯ ಬೆಲೆ 10% ಏರುತ್ತದೆ. ರಾಷ್ಟ್ರೀಯ ಅದ್ಭುತಗಳಿಗೆ ಬೇಕಾದ ಷರತ್ತಿನಲ್ಲೂ ಪಪೆಟ್ ಲೆಕ್ಕಕ್ಕೆ ಬರುವುದಿಲ್ಲ. ನ್ಯಾಷನಲ್ ಕಾಲೇಜಿಗೆ ಎಲ್ಲ ನಗರಗಳಲ್ಲೂ ಲೈಬ್ರರಿ ಬೇಕು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಎಲ್ಲದರಲ್ಲೂ ಯೂನಿವರ್ಸಿಟಿ ಬೇಕು. ಆಕ್ಸ್‌ಫರ್ಡ್ ಕಟ್ಟಲು ಇನ್ನೆರಡು ಟರ್ನ್ ಇರುವಾಗ ಯೂನಿವರ್ಸಿಟಿ ಇಲ್ಲದ ಊರೊಂದನ್ನು ಅನೆಕ್ಸ್ ಮಾಡಿದರೆ ಕೆಲಸ ಅಲ್ಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ರಾಷ್ಟ್ರೀಯ ಅದ್ಭುತ ಕೈಯಲ್ಲಿರುವಾಗ ಅನೆಕ್ಸ್ ಮುಂದೂಡಿ.

ಆದರೆ ಪಪೆಟ್ ಪುಕ್ಕಟೆ ಅಲ್ಲ. ಬ್ರೇವ್ ನ್ಯೂ ವರ್ಲ್ಡ್‌ನಲ್ಲಿ ಪ್ರತಿ ಹೆಚ್ಚುವರಿ ನಗರಕ್ಕೂ ಸಂಶೋಧನೆಯ ಬೆಲೆ ಮೂಲ ಬೆಲೆಯ 5% ಏರುತ್ತದೆ, ಇದರಲ್ಲಿ ಪಪೆಟ್ ಕೂಡ ಸೇರಿದೆ. ಈಗಾಗಲೇ 25% ಏರಿಕೆ ಇದ್ದವರಿಗೆ ಇನ್ನೊಂದು ನಗರ ಬಂದರೆ 125 ಎಂಬುದು 130 ಆಗುತ್ತದೆ, ಅಂದರೆ ನಿಜವಾದ ಹೊರೆ 4%. ನಿಮ್ಮ ವಿಜ್ಞಾನ ಟರ್ನ್‌ಗೆ 150 ಇದ್ದರೆ ಹೊಸ ನಗರ ಕನಿಷ್ಠ 6 ವಿಜ್ಞಾನ ತಂದರಷ್ಟೇ ಲೆಕ್ಕ ಸಮ. 6 ಜನರ ಪಪೆಟ್ ಪ್ರಜೆಗಳಿಂದ 6, ಲೈಬ್ರರಿಯಿಂದ 3 ಪಡೆದು, ಕಡಿತ ಕಳೆದು ಸುಮಾರು 6.75 ಕೊಡುತ್ತದೆ. ಇದು ದಡ ಸೇರುತ್ತದೆ. 2 ಜನರ, ಲೈಬ್ರರಿ ಇಲ್ಲದ ಊರು 1.5 ಕೊಡುತ್ತದೆ, ಅಂದರೆ ನಿಮ್ಮ ಸಂಶೋಧನೆಯನ್ನು ಹಿಂದಕ್ಕೆ ಎಳೆಯುತ್ತದೆ. ಸಿಕ್ಕ ಊರೆಲ್ಲ ನಮ್ಮದೇ ಇರಲಿ ಎಂಬ ಆಸೆಗೆ ಈ ಗುಣಾಕಾರ ಒಳ್ಳೆಯ ಮದ್ದು.

ಯಾವ ಊರನ್ನು ಅನೆಕ್ಸ್ ಮಾಡಬೇಕು

ಒಂದು ಯುದ್ಧದಲ್ಲಿ ಒಂದೋ ಎರಡೋ ಊರು, ಅದಕ್ಕಿಂತ ಹೆಚ್ಚು ಬೇಡ. ಎದುರಾಳಿಯ ಮೂಲ ರಾಜಧಾನಿ ಸಾಮಾನ್ಯವಾಗಿ ಮೊದಲ ಅಭ್ಯರ್ಥಿ. ಒಳ್ಳೆಯ ನೆಲ, ಹೆಚ್ಚು ಜನ, ಒಂದೆರಡು ಅದ್ಭುತ ಇರುತ್ತವೆ. ಮುಂದಿನ ಯುದ್ಧಕ್ಕೆ ನೆಲೆಯಾಗಬಲ್ಲ ಗಡಿಯ ನಗರ ಎರಡನೆಯದು. ಪಪೆಟ್‌ನಲ್ಲಿ ಪಡೆ ಕೊಳ್ಳಲು ಬರುವುದಿಲ್ಲವಾದ್ದರಿಂದ, ತಾಯ್ನೆಲದಿಂದ ಹತ್ತು ಟರ್ನ್ ನಡೆದು ಬರುವ ಪಡೆಗಳ ಬದಲು ಮುಂಚೂಣಿಯಲ್ಲೇ ಕೊಂಡು ನಿಲ್ಲಿಸಲು ಒಂದು ಅನೆಕ್ಸ್ ಆದ ಊರು ಬೇಕೇಬೇಕು. ದ್ವೀಪಾಂತರದ ಯುದ್ಧದಲ್ಲಂತೂ ಬಂದರು ಇರುವ ಅಂಥ ಒಂದು ಊರು ಇದ್ದರೆ ಯುದ್ಧದ ವೇಗವೇ ಬದಲಾಗುತ್ತದೆ.

ಕೋರ್ಟ್‌ಹೌಸ್‌ಗೆ ಮ್ಯಾಥಮ್ಯಾಟಿಕ್ಸ್ ತಂತ್ರಜ್ಞಾನ ಗೊತ್ತಿರಬೇಕು. ಕಟ್ಟಲು 100 ಉತ್ಪಾದನೆ, ಆಮೇಲೆ ಪ್ರತಿ ಟರ್ನ್ 4 ಚಿನ್ನದ ನಿರ್ವಹಣೆ. ಆರಂಭದ ಯುಗಗಳಲ್ಲಿ 4 ಚಿನ್ನ ಸಣ್ಣ ಮೊತ್ತವಲ್ಲ. ಮೂರು ಊರು ಅನೆಕ್ಸ್ ಮಾಡಿ ಮೂರರಲ್ಲೂ ಕೋರ್ಟ್‌ಹೌಸ್ ಕಟ್ಟಿದರೆ 12 ಚಿನ್ನ ಸೋರಿಹೋಗುತ್ತದೆ. ಆಟೋಕ್ರಸಿ ಎಂಬ ಐಡಿಯಾಲಜಿ ಆರಿಸಿಕೊಂಡವರಿಗೆ ಮಾತ್ರ ಲೆಕ್ಕ ಬೇರೆ: ಪೊಲೀಸ್ ಸ್ಟೇಟ್ ಎಂಬ ಎರಡನೇ ಹಂತದ ತತ್ವ ಪ್ರತಿ ಕೋರ್ಟ್‌ಹೌಸ್‌ಗೆ 3 ಹ್ಯಾಪಿನೆಸ್ ಕೊಡುತ್ತದೆ, ಕಟ್ಟುವ ಸಮಯವನ್ನೂ ಅರ್ಧ ಮಾಡುತ್ತದೆ. ಅದು ಕೈಗೆ ಬಂದ ಮೇಲೆ ದೊಡ್ಡ ಊರುಗಳನ್ನು ಧೈರ್ಯವಾಗಿ ಅನೆಕ್ಸ್ ಮಾಡಬಹುದು.

ಅನೆಕ್ಸ್ ಮಾಡಿದ ಟರ್ನ್‌ನ ಕೆಲಸಗಳ ಕ್ರಮ:

1. ಕೋರ್ಟ್‌ಹೌಸ್ ಕೊಳ್ಳಿ. ಚಿನ್ನ ಸಾಲದಿದ್ದರೆ ಸಾಲಿನಲ್ಲಿ ಮೊದಲು ಅದನ್ನೇ ಇಟ್ಟು, ಪ್ರಜೆಗಳನ್ನು ಉತ್ಪಾದನೆಯ ಕಡೆ ತಿರುಗಿಸಿ. ಚಿನ್ನವೂ ಇಲ್ಲ, ಉತ್ಪಾದನೆಯೂ 4-5 ಮಾತ್ರ ಎಂದಾದರೆ ಇಪ್ಪತ್ತು ಟರ್ನ್ ಬೇಕು. ಹಾಗಿದ್ದಲ್ಲಿ ಅನೆಕ್ಸ್ ಮಾಡುವ ಹೊತ್ತು ಇನ್ನೂ ಬಂದಿಲ್ಲ.
2. ಕೋರ್ಟ್‌ಹೌಸ್ ಏಳುವವರೆಗೆ ಬೆಳವಣಿಗೆ ತಡೆಯುವ ಗುರುತು ಹಾಕಿ. ಹುಟ್ಟುವ ಪ್ರತಿ ಹೊಸ ಪ್ರಜೆಯೂ 1.34 ಭಾರ.
3. ಕಟ್ಟಡಗಳ ಪಟ್ಟಿ ನೋಡಿ, ಪ್ರಯೋಜನವಿಲ್ಲದೆ ನಿರ್ವಹಣೆ ತಿನ್ನುವವನ್ನು ಮಾರಿ. ಒಂದು ನಗರದಲ್ಲಿ ಟರ್ನ್‌ಗೆ ಒಂದೇ ಕಟ್ಟಡ ಮಾರಬಹುದು, ಹಾಗಾಗಿ ಟರ್ನ್‌ಗೊಂದರಂತೆ ಮುಗಿಸಿ.
4. ಆಮೇಲೆ ಲೈಬ್ರರಿ, ಕೊಲೋಸಿಯಂ. ಗಡಿಯ ಊರಾದರೆ ಅದಕ್ಕೂ ಮುಂಚೆ ಗೋಡೆ.

ಪಪೆಟ್ ಆಗಿಯೇ ಉಳಿಯುವ ಊರುಗಳನ್ನು ನೋಡಿಕೊಳ್ಳುವುದು

ಗವರ್ನರ್‌ನ ಮೇಲೆ ನಿಮಗೆ ಹಿಡಿತ ಇಲ್ಲದಿರಬಹುದು, ಅವನ ಸುತ್ತಲಿನ ನೆಲದ ಮೇಲೆ ಇದೆ. ಪಪೆಟ್ ಯಾವ ಚೌಕದಲ್ಲಿ ದುಡಿಯಬೇಕೆಂದು ನೀವು ಹೇಳಲಾರಿರಿ, ಆದರೆ ಆ ಚೌಕದಲ್ಲಿ ಏನಿರಬೇಕೆಂದು ನಿಮ್ಮ ವರ್ಕರ್‌ಗಳು ತೀರ್ಮಾನಿಸಬಹುದು. ಹೊಲಗಳನ್ನು ಹೆಚ್ಚಿಸಬೇಡಿ. ಟ್ರೇಡಿಂಗ್ ಪೋಸ್ಟ್‌ಗಳನ್ನು ಹಾಕಿ. ಹೊಲ ಹೆಚ್ಚಾದರೆ ಊರು ಬೆಳೆಯುತ್ತದೆ, ಬೆಳೆದ ಪ್ರತಿ ಪ್ರಜೆಯೂ ನಿಮ್ಮ ಹ್ಯಾಪಿನೆಸ್ ತಿನ್ನುತ್ತಾನೆ, ಪ್ರತಿಯಾಗಿ ಕಡಿತಗೊಂಡ ವಿಜ್ಞಾನ ಕೊಡುತ್ತಾನೆ. ಟ್ರೇಡಿಂಗ್ ಪೋಸ್ಟ್ ಕೊಡುವ ಚಿನ್ನಕ್ಕೆ ಕಡಿತ ಇಲ್ಲ, ಚಿನ್ನದತ್ತ ಒಲಿದ ಗವರ್ನರ್ ಪ್ರಜೆಗಳನ್ನು ಅಲ್ಲಿಗೇ ಕಳಿಸುತ್ತಾನೆ. ಶತ್ರು ಬಿಟ್ಟುಹೋದ ಹೊಲಗಳ ಮೇಲೂ ಟ್ರೇಡಿಂಗ್ ಪೋಸ್ಟ್ ಕಟ್ಟಬಹುದು. ಲಕ್ಷುರಿ ಚೌಕಗಳಿಗೆ ಮಾತ್ರ ಅವುಗಳದೇ ಗಣಿ, ತೋಟ, ಬೇಲಿ ಮೊದಲು ಬೇಕು.

ಇದಕ್ಕೇ ಯುದ್ಧದ ನಡುವೆ ಲೂಟಿಯ ಬಗ್ಗೆ ಎಚ್ಚರ ಇರಲಿ. ಚೌಕ ಲೂಟಿ ಮಾಡಿದರೆ ಚಿನ್ನ ಸಿಗುತ್ತದೆ, ಪಡೆಗೆ 25 ಪ್ರಾಣವೂ ಮರಳುತ್ತದೆ. ಹೊಲ ಲೂಟಿ ಮಾಡಿ ಗಾಯ ಮಾಯಿಸಿಕೊಳ್ಳಿ, ತಪ್ಪಿಲ್ಲ. ಆದರೆ ಉಳಿಸಿಕೊಳ್ಳಬೇಕೆಂದಿರುವ ಊರಿನ ಲಕ್ಷುರಿ ಚೌಕ ಮುಟ್ಟಬೇಡಿ. ನಗರ ಬಿದ್ದ ದಿನವೇ ಆ 4 ಹ್ಯಾಪಿನೆಸ್ ಕೈಸೇರಬೇಕಾದದ್ದು, ದುರಸ್ತಿ ಆಗುವವರೆಗೆ ಕಾಯಬೇಕಾಗುತ್ತದೆ. ಸೈನ್ಯದ ಹಿಂದೆ ಇಬ್ಬರು ವರ್ಕರ್‌ಗಳನ್ನು ಕರೆದೊಯ್ಯಿರಿ, ಅಥವಾ ಶತ್ರುವಿನ ವರ್ಕರ್‌ಗಳನ್ನೇ ಸೆರೆಹಿಡಿದು ಬಳಸಿ.

ರಸ್ತೆ ಹಾಕುವ ಮುನ್ನ ಮತ್ತೊಂದು ಸಣ್ಣ ಲೆಕ್ಕ. ರಾಜಧಾನಿಗೆ ಕೂಡಿದ ನಗರ ಟರ್ನ್‌ಗೆ ಕೊಡುವ ಚಿನ್ನ ಹೀಗೆ: ಆ ನಗರದ ಜನಸಂಖ್ಯೆಯ 1.1 ಪಟ್ಟು, ಅದಕ್ಕೆ ರಾಜಧಾನಿಯ ಜನಸಂಖ್ಯೆಯ 0.15 ಪಟ್ಟು ಕೂಡಿಸಿ, 1 ಕಳೆಯಿರಿ. ರಾಜಧಾನಿ 16, ಗೆದ್ದ ಊರು 6 ಆದರೆ 8 ಚಿನ್ನ. ರಸ್ತೆಯ ಒಂದು ಚೌಕಕ್ಕೆ 1 ಚಿನ್ನ ನಿರ್ವಹಣೆ. ಹೊಸದಾಗಿ ಹಾಕಬೇಕಾದ ರಸ್ತೆ 8 ಚೌಕಕ್ಕಿಂತ ಕಡಿಮೆ ಇದ್ದರೆ ಲಾಭ, ಹೆಚ್ಚಿದ್ದರೆ ನಷ್ಟ. ಲಿಬರ್ಟಿಯ ಮೆರಿಟಾಕ್ರಸಿ ನೀತಿ ಇದ್ದವರಿಗೆ ಕೂಡಿದ ಪ್ರತಿ ನಗರವೂ 1 ಹ್ಯಾಪಿನೆಸ್ ಕೊಡುವುದರಿಂದ ಒಂದೆರಡು ಚಿನ್ನ ಹೋದರೂ ರಸ್ತೆ ಹಾಕುವುದೇ ಸರಿ. ಶತ್ರು ಹಾಕಿದ ಹಳೆಯ ರಸ್ತೆಗಳು ಈಗ ನಿಮ್ಮ ಗಡಿಯೊಳಗೆ ಬಂದು ನಿಮ್ಮ ಖರ್ಚಿಗೆ ಸೇರಿರುತ್ತವೆ. ಬಳಕೆಗೆ ಬಾರದ ಕವಲುಗಳನ್ನು ವರ್ಕರ್‌ಗಳಿಂದ ಕಿತ್ತುಹಾಕಿಸಿ.

ಪಪೆಟ್ ತಾನೇ ಕೊಲೋಸಿಯಂ ಕಟ್ಟಿಕೊಂಡರೆ ಸಂತೋಷವೇ. ಆದರೆ ಕಟ್ಟಡಗಳಿಂದ ಒಂದು ನಗರದಲ್ಲಿ ಬರುವ ಹ್ಯಾಪಿನೆಸ್ ಅದರ ಜನಸಂಖ್ಯೆಯನ್ನು ಮೀರುವುದಿಲ್ಲ. 2 ಜನರ ಊರಲ್ಲಿ ಎಷ್ಟೇ ಕಟ್ಟಡ ಇದ್ದರೂ 2ಕ್ಕಿಂತ ಹೆಚ್ಚು ಬಾರದು.

ಸುಡುವುದು, ಬಿಡಿಸುವುದು

ಲಕ್ಷುರಿ ಇಲ್ಲ, ಜನ ಇಲ್ಲ, ಇನ್ನೊಂದು ಊರಿಗೆ ಅಂಟಿಕೊಂಡಿದೆ, ಕಾಯಲು ಕಷ್ಟ: ಅಂಥದ್ದನ್ನು ಸುಟ್ಟುಬಿಡಿ. ರೇಜ್ ಒತ್ತಿದರೆ ಟರ್ನ್‌ಗೆ ಒಬ್ಬ ಪ್ರಜೆಯಂತೆ ಕರಗಿ ಕೊನೆಗೆ ನಗರ ಅಳಿಯುತ್ತದೆ. ಸುಡುತ್ತಿರುವಷ್ಟು ದಿನ ಕೋರ್ಟ್‌ಹೌಸ್ ಇಲ್ಲದ ಅನೆಕ್ಸ್ ನಗರದ ಭಾರವೇ ಬೀಳುತ್ತದೆ. 3 ಜನರ ಊರಾದರೆ ಮೊದಲ ಟರ್ನ್ 9, ಆಮೇಲೆ 7.7, ಹೀಗೆ ಇಳಿಯುತ್ತದೆ. ಸಣ್ಣ ಊರಿಗೆ ಇದು ಮೂರು ಟರ್ನ್‌ನ ನೋವು. ಆದರೆ 10 ಜನ ಉಳಿದಿರುವ ಊರನ್ನು ಸುಡಹೊರಟರೆ ಹತ್ತು ಟರ್ನ್ ಸೊರಗಬೇಕು, ಮೊದಲ ದಿನವೇ 18 ಅತೃಪ್ತಿ. ದೊಡ್ಡ ಊರನ್ನು ಹ್ಯಾಪಿನೆಸ್ ಉಳಿಸಲೆಂದು ಸುಡುವುದು ತಪ್ಪು ಲೆಕ್ಕ. ಯುದ್ಧ ನಡೆಯುವಾಗ ಪಪೆಟ್ ಆಗಿಟ್ಟುಕೊಂಡು, ಆಮೇಲೆ ಹ್ಯಾಪಿನೆಸ್ ಕೈಯಲ್ಲಿದ್ದಾಗ ಅನೆಕ್ಸ್ ಮಾಡಿ ನಗರದ ಪರದೆಯಿಂದ ಸುಡಬಹುದು.

ಮೂಲ ರಾಜಧಾನಿಗಳನ್ನು, ನಗರ-ರಾಜ್ಯಗಳನ್ನು, ಧರ್ಮವೊಂದು ಹುಟ್ಟಿದ ಪವಿತ್ರ ನಗರಗಳನ್ನು ಸುಡಲು ಆಟ ಬಿಡುವುದಿಲ್ಲ. ಅವುಗಳ ಭಾರವನ್ನು ಯೋಜನೆಯಲ್ಲೇ ಸೇರಿಸಿಕೊಳ್ಳಬೇಕು. ಇನ್ನೊಂದು: ನಗರ ಅಳಿದರೆ ಅದರ ಗಡಿಯೂ ಅಳಿಯುತ್ತದೆ. ಲಕ್ಷುರಿಗಾಗಿ ಹಿಡಿದ ಊರನ್ನು ಸುಟ್ಟರೆ ಲಕ್ಷುರಿಯೂ ಹೋಯಿತು. ಅದು ಬೇಕಿದ್ದರೆ ಸೆಟ್ಲರ್ ಒಬ್ಬನನ್ನು ಮೊದಲೇ ಹತ್ತಿರ ತಂದು ನಿಲ್ಲಿಸಿರಬೇಕು, ಇಲ್ಲವಾದರೆ ಬೂದಿ ಆರುವ ಮುನ್ನ ಬೇರೆಯವನ ಸೆಟ್ಲರ್ ಬಂದು ಕೂರುತ್ತಾನೆ.

ಹಿಡಿದ ಊರು ಮೂಲತಃ ಮೂರನೆಯವರದಾಗಿದ್ದರೆ ಬಿಡಿಸುವ ಆಯ್ಕೆಯೂ ಕಾಣಿಸುತ್ತದೆ. ಶತ್ರು ನುಂಗಿದ್ದ ನಗರ-ರಾಜ್ಯವನ್ನು ಬಿಡಿಸಿದರೆ ಅದು ನಿಮ್ಮ ಮಿತ್ರನಾಗುತ್ತದೆ. ಅದರ ಲಕ್ಷುರಿ ನಿಮಗೆ ಹರಿದು ಬರುತ್ತದೆ, ಅತೃಪ್ತಿ ಒಂದಿಷ್ಟೂ ಇಲ್ಲ, ಯುದ್ಧಕೋರ ಎಂಬ ಕಳಂಕವೂ ತೊಳೆಯುತ್ತದೆ. ನಗರ-ರಾಜ್ಯಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ವಿರಳ.

ಕಳಂಕದ ಮಾತು ಬಂದದ್ದರಿಂದ ಇದನ್ನೂ ಗಮನಿಸಿ: ಎದುರಾಳಿಗೆ ಉಳಿದಿರುವ ನಗರಗಳು ಕಡಿಮೆಯಾದಷ್ಟೂ ಪ್ರತಿ ನಗರ ಹಿಡಿದದ್ದಕ್ಕೆ ಬೀಳುವ ದೋಷ ಹೆಚ್ಚು. ಹತ್ತು ಊರಿದ್ದವನ ಎರಡು ಊರು ಹಿಡಿದರೆ ಜಗತ್ತು ಮುಖ ಸಿಂಡರಿಸುತ್ತದೆ, ಎರಡೇ ಇದ್ದವನ ಎರಡನ್ನೂ ಹಿಡಿದರೆ ದ್ವೇಷಿಸುತ್ತದೆ. ಬೇಕಾದ ನಗರಗಳು ಸಿಕ್ಕ ಮೇಲೆ ಕೊನೆಯ ಸಣ್ಣ ಊರನ್ನು ಅವನಿಗೇ ಬಿಟ್ಟು ಶಾಂತಿ ಮಾಡಿಕೊಳ್ಳಿ. ಶಾಂತಿ ಮಾತುಕತೆಯಲ್ಲಿ ಅವನಾಗಿ ಬಿಟ್ಟುಕೊಟ್ಟ ಊರಿಗೆ ದೋಷ ಇಲ್ಲ. ಶಾಂತಿ ಒಪ್ಪಂದ 10 ಟರ್ನ್ ಕಾಯುತ್ತದೆ, ಹೆಚ್ಚಿನ ಊರುಗಳ ಪ್ರತಿರೋಧ ಅಷ್ಟರಲ್ಲಿ ತಣಿದಿರುತ್ತದೆ.

ಆಗಲೇ ಮೈನಸ್‌ಗೆ ಇಳಿದಿದ್ದರೆ

ಮೊದಲು ಇನ್ನೊಂದು ನಗರ ಹಿಡಿಯುವುದನ್ನು ನಿಲ್ಲಿಸಿ. ಅನೆಕ್ಸ್ ಆದ, ಕೋರ್ಟ್‌ಹೌಸ್ ಇಲ್ಲದ ಊರು ಇದ್ದರೆ ಉಳಿದ ಖರ್ಚನ್ನೆಲ್ಲ ಬಿಟ್ಟು ಅಲ್ಲಿ ಕೋರ್ಟ್‌ಹೌಸ್ ಕೊಳ್ಳಿ. ಒಂದೇ ಏಟಿಗೆ ಇಷ್ಟು ತೃಪ್ತಿ ಕೊಡುವ ಬೇರೆ ಖರೀದಿ ಇಲ್ಲ: 9 ಜನರ ಊರಲ್ಲಿ 5 ಅಂಕಿ ವಾಪಸ್ ಬರುತ್ತದೆ. ಮುಂದಿನದು ನಿಮ್ಮದೇ ಹಳೆಯ ದೊಡ್ಡ ನಗರಗಳಲ್ಲಿ ಕೊಲೋಸಿಯಂ, ಕುದುರೆ ಅಥವಾ ಆನೆದಂತ ಇರುವ ಕಡೆ ಸರ್ಕಸ್. ಹತ್ತಿರದಲ್ಲಿ ಮರ್ಕಂಟೈಲ್ ಬಗೆಯ ನಗರ-ರಾಜ್ಯ ಇದ್ದರೆ ಅದಕ್ಕೆ ಚಿನ್ನ ಕೊಟ್ಟು ಮಿತ್ರನಾಗಿ. ಅದರ ಸ್ನೇಹದಿಂದಲೇ ಒಂದಿಷ್ಟು ಹ್ಯಾಪಿನೆಸ್, ಜೊತೆಗೆ ಬೇರೆಲ್ಲೂ ಸಿಗದ ಲಕ್ಷುರಿ ಬರುತ್ತದೆ. ಆನರ್ ಶಾಖೆಯಲ್ಲಿರುವವರು ಮಿಲಿಟರಿ ಕ್ಯಾಸ್ಟ್ ನೀತಿ ಪಡೆದು, ಯುದ್ಧ ಮುಗಿಸಿ ಬಂದ ಹಳೆಯ ಪಡೆಗಳನ್ನು ನಗರಕ್ಕೊಂದರಂತೆ ನಿಲ್ಲಿಸಲಿ. ಪಡೆ ಇರುವ ಪ್ರತಿ ನಗರಕ್ಕೂ 1 ಹ್ಯಾಪಿನೆಸ್, 2 ಸಂಸ್ಕೃತಿ. ಕಾಮರ್ಸ್ ಶಾಖೆಯ ಪ್ರೊಟೆಕ್ಷನಿಸಂ ಪ್ರತಿ ಲಕ್ಷುರಿಗೆ ಇನ್ನೂ 2 ಸೇರಿಸುತ್ತದೆ, ಹತ್ತು ಬಗೆ ಇದ್ದವರಿಗೆ ಅದು 20. ಊರೂರು ಹಿಡಿದು ಲಕ್ಷುರಿ ಕೂಡಿಸಿದವರಿಗೆ ಇದಕ್ಕಿಂತ ಒಪ್ಪುವ ನೀತಿ ಸಿಗುವುದು ಕಷ್ಟ.

ಭಾರತವನ್ನು ಆಡುವವರಿಗೆ ಬೇರೆಯೇ ಪಾಠ. ಅಲ್ಲಿ ನಗರದ ಎಣಿಕೆಯಿಂದ ಬರುವ ಅತೃಪ್ತಿ ಎರಡು ಪಟ್ಟು, ಜನಸಂಖ್ಯೆಯಿಂದ ಬರುವುದು ಅರ್ಧ. 2-3 ಜನರ ಊರುಗಳನ್ನು ಕೂಡಿಹಾಕುವುದು ಅವರಿಗೆ ವಿಷ, 12-14 ಜನ ಉಳಿದಿರುವ ರಾಜಧಾನಿ ಒಂದು ಸಿಕ್ಕರೆ ಎಲ್ಲರಿಗಿಂತ ಸುಲಭವಾಗಿ ಅರಗುತ್ತದೆ. ಅಸ್ಸೀರಿಯಾ ಆಡುವವರು ನಗರ ಹಿಡಿದಾಗ ಆ ದೇಶಕ್ಕೆ ಗೊತ್ತಿದ್ದು ತಮಗೆ ಗೊತ್ತಿಲ್ಲದ ಒಂದು ತಂತ್ರಜ್ಞಾನ ಉಚಿತವಾಗಿ ಪಡೆಯುತ್ತಾರೆ. ಅವರಿಗೆ ಊರು ಉಳಿಯದಿದ್ದರೂ ಹಿಡಿದದ್ದಕ್ಕೆ ಫಲ ಉಂಟು, ಸಣ್ಣ ಊರುಗಳನ್ನು ಹಿಡಿದು ಸುಡುತ್ತಾ ಹೋಗುವುದು ಅವರ ಕೈಯಲ್ಲಿ ಮಾತ್ರ ಸಂಶೋಧನೆಯ ದಾರಿಯೂ ಆಗುತ್ತದೆ.